ಸರದಿ

ಭಾನುವಾರ ಬೆಳಗಿನ ಎಂಟು ಗಂಟೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ - ಈ ನಾಲ್ಕು ಊರುಗಳಲ್ಲಿ ಯಾವ ಊರಿನ ಕ್ಷೌರದಂಗಡಿಯನ್ನು ಹೊಕ್ಕು ನೋಡಿದರೂ ಕಾಣುವ ನೋಟ ಬಹುಮಟ್ಟಿಗೆ ಒಂದೇ ಬಗೆಯದು. ಎದುರುಬದುರು ಗೋಡೆಗಳಲ್ಲಿ ಎರಡು ದೊಡ್ಡ ಕನ್ನಡಿಗಳು. ಅವುಗಳ ನಡುವೆ ಕುಳಿತವನ ತಲೆ ಒಂದು ಕನ್ನಡಿಯಿಂದ ಇನ್ನೊಂದಕ್ಕೆ ಪ್ರತಿಫಲಿಸಿ, ಕೊನೆಯೇ ಇಲ್ಲದ ತಲೆಗಳ ಸಾಲಾಗಿ ತೋರುತ್ತದೆ. ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಕತ್ತರಿ, ಬಾಚಣಿಗೆ, ಸೋಪಿನ ಬಟ್ಟಲು, ಪಟಿಕದ ತುಂಡು, ನೀರು ಚಿಮುಕಿಸುವ ಸೀಸೆ. ಗೋಡೆಯುದ್ದಕ್ಕೂ ಒಂದು ಬೆಂಚು. ಬೆಂಚಿನ ಮೇಲೆ ಆರೇಳು ಜನ. ಒಂದೇ ದಿನಪತ್ರಿಕೆ ಹಾಳೆಹಾಳೆಯಾಗಿ ಹಂಚಿಹೋಗಿ, ಒಬ್ಬರ ಕೈಯಲ್ಲಿ ರಾಜಕೀಯ, ಮತ್ತೊಬ್ಬರ ಕೈಯಲ್ಲಿ ಕ್ರೀಡೆ, ಮೂರನೆಯವರ ಕೈಯಲ್ಲಿ ಪೇಟೆಯ ಧಾರಣೆ. ಈಗೀಗ ಪತ್ರಿಕೆಯ ಸ್ಥಾನವನ್ನು ಮೊಬೈಲು ಆಕ್ರಮಿಸಿದೆ. ಬೆಂಚು ಮಾತ್ರ ಹಾಗೆಯೇ ಇದೆ.

ಆ ಬೆಂಚಿನ ತುದಿಯಲ್ಲಿ ಒಬ್ಬ ಹುಡುಗನು ಕುಳಿತಿದ್ದಾನೆಂದು ಭಾವಿಸೋಣ. ಅರಕಲಗೂಡಿಗೆ ಐದಾರು ಮೈಲಿ ದೂರದ ಹಳ್ಳಿಯವನು. ಮೊದಲನೆಯ ಬಸ್ಸಿಗೆ ಬಂದಿದ್ದಾನೆ. ಸೋಮವಾರ ಶಾಲೆಯಲ್ಲಿ ವ್ಯಾಯಾಮದ ಮೇಷ್ಟರು ಸಾಲಾಗಿ ನಿಲ್ಲಿಸಿ ಕೂದಲು ನೋಡುವರು. ಹನ್ನೊಂದೂವರೆಯ ಬಸ್ಸು ತಪ್ಪಿದರೆ ಮುಂದಿನದು ಸಂಜೆಗೆ. ಅವನು ಬಂದಾಗ ಮುಂದೆ ಇದ್ದವರು ಇಬ್ಬರೇ. "ಇನ್ನೈದು ನಿಮಿಷ ಕೂತ್ಕೊ ಮರಿ" ಎಂದರು ಅಂಗಡಿಯವರು. ಒಂಬತ್ತಕ್ಕೆ ಊರಿನ ದೊಡ್ಡವರೊಬ್ಬರು ಬಂದರು. "ಏಳಪ್ಪ, ಗೌಡ್ರು ಕೂತ್ಕೊಳ್ಲಿ. ನಿಂದೇನು, ಮಕ್ಕಳ ಕಟಿಂಗು, ಎರಡೇ ನಿಮಿಷದ ಕೆಲಸ" ಎಂದು ಅವನನ್ನು ಕುರ್ಚಿಯಿಂದ ಎಬ್ಬಿಸಲಾಯಿತು. ಹತ್ತಕ್ಕೆ ಪರಿಚಯದವರೊಬ್ಬರು "ಬರೀ ಗಡ್ಡ" ಎನ್ನುತ್ತ ಒಳಬಂದರು. ಗಡ್ಡವಾದ ಮೇಲೆ ಮೀಸೆ, ಮೀಸೆಯಾದ ಮೇಲೆ ತಲೆಗೆ ಬಣ್ಣ. ಹನ್ನೊಂದೂಕಾಲಾಯಿತು. ಎರಡು ನಿಮಿಷದ ಕೆಲಸಕ್ಕೆ ಮೂರು ಗಂಟೆ ಕಾದರೂ ಅವನ ಸರದಿ ಬರಲಿಲ್ಲ.

ಈ ಬಗೆಯ ಅನುಭವ ಇಲ್ಲದ ವಿದ್ಯಾರ್ಥಿಗಳು ವಿರಳ. ಕ್ಷೌರದಂಗಡಿಯ ಕಾಯುವಿಕೆ ಬಹು ಅಲ್ಪವಾದ ಸಂಗತಿಯೆಂದು ತೋರಬಹುದು. ಆದರೆ ಈ ಅಲ್ಪ ಸಂಗತಿಯ ಹಿಂದೆ ಒಂದು ವೃತ್ತಿಯ ಚರಿತ್ರೆ ಇದೆ, ಒಂದು ಗಣಿತವಿದೆ, ಮತ್ತು ಯಾರು ಯಾರಿಗಾಗಿ ಕಾಯಬೇಕೆಂಬ, ಅಷ್ಟೇನೂ ಅಲ್ಪವಲ್ಲದ ಪ್ರಶ್ನೆಯೂ ಇದೆ.

ಹಿಂದಿನ ಕಾಲದಲ್ಲಿ ಹಳ್ಳಿಗಳಲ್ಲಿ ಕ್ಷೌರದಂಗಡಿಯೇ ಇರಲಿಲ್ಲ. ಆದುದರಿಂದ ಅಂಗಡಿಯಲ್ಲಿ ಕಾಯುವ ಪ್ರಮೇಯವೂ ಇರಲಿಲ್ಲ. ಹಳೆಯ ಮೈಸೂರು ಸೀಮೆಯ ಗ್ರಾಮವ್ಯವಸ್ಥೆಯಲ್ಲಿ ಗೌಡ, ಶಾನುಭೋಗ, ಕಮ್ಮಾರ, ಬಡಗಿ, ಅಗಸ ಮೊದಲಾದ ಆಯಗಾರರೊಡನೆ ಕ್ಷೌರಿಕನೂ ಒಬ್ಬನು. ಅವನು ಹಡಪವನ್ನು ಕಂಕುಳಲ್ಲಿಟ್ಟುಕೊಂಡು ತಾನೇ ಮನೆಗೆ ಬರುತ್ತಿದ್ದನು. ಜಗಲಿಯ ಮೇಲೋ ಹಿತ್ತಲ ಮರದ ನೆರಳಿನಲ್ಲೋ ಕುಕ್ಕರಗಾಲಿನಲ್ಲಿ ಕುಳಿತರೆ ಕೆಲಸ ಮುಗಿಯುತ್ತಿತ್ತು. ಪ್ರತಿ ಸಲವೂ ಹಣ ಕೊಡುವ ಪದ್ಧತಿ ಇರಲಿಲ್ಲ. ಸುಗ್ಗಿಯಲ್ಲಿ ಕಣದಿಂದಲೇ ಇಷ್ಟು ರಾಗಿ, ಇಷ್ಟು ಭತ್ತವೆಂದು ಆಯ ಸಲ್ಲುತ್ತಿತ್ತು. ಈ ಏರ್ಪಾಡಿನಲ್ಲಿ ಕಾಯುತ್ತಿದ್ದವನು ಕ್ಷೌರಿಕನೇ ಹೊರತು ಮನೆಯವರಲ್ಲ. ಯಜಮಾನನು ಗದ್ದೆಯಿಂದ ಬರುವವರೆಗೆ ಜಗಲಿಯಲ್ಲಿ ಕುಳಿತಿರುವುದು, ವರ್ಷದ ದುಡಿಮೆಗೆ ಸುಗ್ಗಿಯವರೆಗೆ ಕಾದಿರುವುದು, ಮಳೆ ಕೈಕೊಟ್ಟ ವರ್ಷ ಸಿಕ್ಕಷ್ಟಕ್ಕೆ ಸುಮ್ಮನಿರುವುದು - ಇವೆಲ್ಲ ಅವನ ಪಾಲಿನವು.

ಅವನ ಕೆಲಸವೂ ಕೇವಲ ಕೂದಲು ಕತ್ತರಿಸುವುದಾಗಿರಲಿಲ್ಲ. ಮಗುವಿನ ಚೌಲಕ್ಕೆ ಅವನು ಬೇಕು. ಮದುವೆಯ ಗಂಡಿನ ಕ್ಷೌರಕ್ಕೆ ಅವನು ಬೇಕು. ಸಾವಿನ ಮನೆಯಲ್ಲಿ ಸೂತಕ ಕಳೆಯುವ ದಿನ ಅವನಿಲ್ಲದೆ ಶಾಸ್ತ್ರ ನಡೆಯದು. ಕುರು ಕೊಯ್ದು ಕೀವು ತೆಗೆಯುವುದು, ಮುಳ್ಳು ಕೀಳುವುದು ಮುಂತಾದ ಸಣ್ಣಪುಟ್ಟ ಶಸ್ತ್ರಚಿಕಿತ್ಸೆಗಳೂ ಅವನ ಕತ್ತಿಯಿಂದಲೇ ಆಗುತ್ತಿದ್ದವು. ಇದು ನಮ್ಮ ನಾಡಿಗೆ ಮಾತ್ರ ಸಂಬಂಧಿಸಿದ ಮಾತಲ್ಲ. ಲಂಡನ್ ನಗರದಲ್ಲಿ 1540ರಲ್ಲಿ ಕ್ಷೌರಿಕರೂ ಶಸ್ತ್ರವೈದ್ಯರೂ ಒಂದೇ ಸಂಘವಾಗಿ ಸೇರಿದ್ದರು. ಅವರು ಬೇರೆಬೇರೆಯಾದುದು 1745ರಲ್ಲಿ. ಇಂದು ಆಸ್ಪತ್ರೆಯ ಹೊರಗೆ ಕಾಯುವವರಿಗೂ ಕ್ಷೌರದಂಗಡಿಯ ಬೆಂಚಿನಲ್ಲಿ ಕಾಯುವವರಿಗೂ ಇರುವ ನಂಟು ಇಷ್ಟು ಹಳೆಯದು.

ಹಳೆಯ ಮೈಸೂರು ಸೀಮೆಯಲ್ಲಿ ಕ್ಷೌರಿಕ ಮನೆತನಗಳಿಗೆ ಇನ್ನೊಂದು ವಿದ್ಯೆಯೂ ಒಲಿದು ಬಂದಿದೆ, ಅದು ಓಲಗ. ದೇವಸ್ಥಾನದ ಉತ್ಸವದಲ್ಲಿ, ಮದುವೆಯ ಧಾರೆಯ ಹೊತ್ತಿನಲ್ಲಿ ನಾಗಸ್ವರ ನುಡಿಸುವವರು, ಡೋಲು ಬಾರಿಸುವವರು ಅನೇಕ ವೇಳೆ ಇದೇ ಮನೆತನಗಳವರು. ವೈಶಾಖದಲ್ಲಿ ಮುಹೂರ್ತಗಳು ಒತ್ತೊತ್ತಾಗಿ ಬಂದಾಗ ಕತ್ತರಿ ಹಿಡಿಯುವ ಕೈಯೇ ನಾಗಸ್ವರವನ್ನೂ ಹಿಡಿಯಬೇಕು. "ಅಂಗಡಿ ಏಕೆ ತೆರೆದಿಲ್ಲ?" ಎಂದು ಬಾಗಿಲ ಮುಂದೆ ಗೊಣಗುವ ಗಿರಾಕಿಗೆ, ಅಂಗಡಿಯವರು ಆ ಹೊತ್ತಿನಲ್ಲಿ ಯಾವುದೋ ಕಲ್ಯಾಣಮಂಟಪದಲ್ಲಿ ಗಟ್ಟಿಮೇಳಕ್ಕೆ ಸಿದ್ಧರಾಗಿ ಕುಳಿತಿದ್ದಾರೆಂಬುದು ತಿಳಿದಿರುವುದಿಲ್ಲ. ಮುಹೂರ್ತವನ್ನು ಮುಂದೂಡಲಾಗದು, ಗಡ್ಡವನ್ನು ಮುಂದೂಡಬಹುದು.

ಈ ವೃತ್ತಿಯವರಿಗೆ ಅರಸರಿಂದ ಮನ್ನಣೆ ದೊರೆತ ಸಂದರ್ಭವೂ ಉಂಟು. 16ನೆಯ ಶತಮಾನದ ನಡುಭಾಗದಲ್ಲಿ, ವಿಜಯನಗರದ ಸದಾಶಿವರಾಯನ ಆಳ್ವಿಕೆಯಲ್ಲಿ, ಅಧಿಕಾರ ನಡೆಸುತ್ತಿದ್ದ ಅಳಿಯ ರಾಮರಾಯನು ಕ್ಷೌರಿಕರ ಮೇಲಿನ ತೆರಿಗೆಗಳನ್ನು ಬಿಟ್ಟುಕೊಟ್ಟನೆಂದು ಆ ಕಾಲದ ಶಾಸನಗಳು ಹೇಳುತ್ತವೆ. ಈ ವಿನಾಯಿತಿಯನ್ನು ದೊರಕಿಸಿದವನು ಕೊಂಡೋಜನೆಂಬ ಕ್ಷೌರಿಕ. ರಾಮರಾಯನ ಗಡ್ಡಕ್ಕೆ ಕತ್ತಿ ಹಿಡಿದವನು ತನಗೆ ಮಾತ್ರ ಬಹುಮಾನ ಕೇಳದೆ, ನಾಡಿನ ಕ್ಷೌರಿಕರೆಲ್ಲರಿಗೂ ಉಪಕಾರವಾಗುವಂತೆ ಕೇಳಿಕೊಂಡನೆಂಬುದು ಗಮನಾರ್ಹ.

ಮನೆಗೆ ಬರುತ್ತಿದ್ದ ಕ್ಷೌರಿಕನು ಪೇಟೆಯಲ್ಲಿ ಅಂಗಡಿ ಇಟ್ಟು ಕುಳಿತದ್ದು 20ನೆಯ ಶತಮಾನದ ಬೆಳವಣಿಗೆ. ಹಣದ ಚಲಾವಣೆ ಹೆಚ್ಚಿತು. ಆಯದ ಪದ್ಧತಿ ಸಡಿಲವಾಯಿತು. ಅಮೆರಿಕದ ಜಿಲೆಟ್ ಎಂಬುವನು ಸುರಕ್ಷಿತ ರೇಜರಿಗೆ 1904ರಲ್ಲಿ ಹಕ್ಕುಪತ್ರ ಪಡೆದ ಮೇಲೆ, ಕ್ರಮೇಣ ಲೋಕದಲ್ಲೆಲ್ಲ ಗಡ್ಡವನ್ನು ಮನೆಯಲ್ಲೇ ಹೆರೆದುಕೊಳ್ಳುವ ವಾಡಿಕೆ ಹಬ್ಬಿತು. ದಿನದಿನವೂ ಬರುತ್ತಿದ್ದ ಗಿರಾಕಿ ತಿಂಗಳಿಗೊಮ್ಮೆ ಬರುವವನಾದನು. ಬರುವ ದಿನವಾದರೂ ಎಲ್ಲರಿಗೂ ಒಂದೇ ಆಯಿತು. ಅದೇ ಇಂದಿನ ತೊಡಕಿನ ಮೂಲ.

ವಾರದ ಏಳು ದಿನಗಳಲ್ಲಿ ಕ್ಷೌರಕ್ಕೆ ಒದಗುವ ದಿನಗಳೆಷ್ಟೆಂದು ಎಣಿಸಿ ನೋಡಬೇಕು. ಹಳೆಯ ಮೈಸೂರು ಸೀಮೆಯ ಬಹುತೇಕ ಊರುಗಳಲ್ಲಿ ಮಂಗಳವಾರ ಅಂಗಡಿಗೆ ರಜೆ. ಶುಕ್ರವಾರ ಲಕ್ಷ್ಮಿಯ ದಿನ. ಶನಿವಾರ ಹಲವರ ಮನೆದೇವರ ದಿನ. ಅಮಾವಾಸ್ಯೆ, ಏಕಾದಶಿ, ಹುಟ್ಟಿದ ನಕ್ಷತ್ರದ ದಿನಗಳನ್ನೂ ಕಳೆಯಬೇಕು. ಸೋಮವಾರ, ಬುಧವಾರ, ಗುರುವಾರ ಉಳಿದರೂ ಅಂದು ಶಾಲೆ, ಕಚೇರಿ, ಹೊಲದ ಕೆಲಸ. ಎಲ್ಲ ಕಳೆದು ಉಳಿಯುವುದು ಭಾನುವಾರ. ಅದರಲ್ಲಿಯೂ ಬೆಳಗಿನ ಹೊತ್ತು. ಏಕೆಂದರೆ ಕ್ಷೌರವಾದ ಮೇಲೆ ಸ್ನಾನ ಮಾಡದೆ ಒಳಗಿನ ವಸ್ತುಗಳನ್ನು ಮುಟ್ಟುವಂತಿಲ್ಲ. ದೀಪ ಹಚ್ಚಿದ ಮೇಲೆ ಕೂದಲು ತೆಗೆಸಬಾರದೆಂಬ ನಂಬಿಕೆ ಬೇರೆ. ಹೀಗೆ ಒಂದು ವಾರದ ತಲೆಗಳೆಲ್ಲ ನಾಲ್ಕೈದು ಗಂಟೆಗಳ ಕಿರಿದಾದ ಬಾಗಿಲಲ್ಲಿ ನುಗ್ಗುತ್ತವೆ. ಅದೇ ಅಂಗಡಿಗೆ ಬುಧವಾರ ಮಧ್ಯಾಹ್ನ ಮೂರಕ್ಕೆ ಹೋದರೆ, ಅಂಗಡಿಯವರು ತಮ್ಮದೇ ಕುರ್ಚಿಯಲ್ಲಿ ಒರಗಿ ತೂಕಡಿಸುತ್ತಿರುತ್ತಾರೆ. ಗಿರಾಕಿಯ ಕಾಯುವಿಕೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಕ್ಷೌರಿಕನ ಕಾಯುವಿಕೆಯನ್ನು ನೋಡಲು ಯಾರೂ ಅಲ್ಲಿರುವುದಿಲ್ಲ.

ಇಂತಹ ಗೋಜಿಗೆ ಸಿಲುಕದವರೂ ಇದೇ ಜಿಲ್ಲೆಯಲ್ಲಿ ಕಾಣಸಿಗುತ್ತಾರೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಬರುವ ಜೈನ ಮುನಿಗಳು ಕತ್ತರಿಯನ್ನಾಗಲಿ ಕತ್ತಿಯನ್ನಾಗಲಿ ಮುಟ್ಟುವುದಿಲ್ಲ. ಎರಡರಿಂದ ನಾಲ್ಕು ತಿಂಗಳಿಗೊಮ್ಮೆ ತಲೆಯ ಮತ್ತು ಮುಖದ ಕೂದಲನ್ನು ತಮ್ಮ ಕೈಯಿಂದಲೇ ಕಿತ್ತುಹಾಕುತ್ತಾರೆ. ಇದಕ್ಕೆ ಕೇಶಲೋಚವೆಂದು ಹೆಸರು. ಯಾರನ್ನೂ ಯಾವುದನ್ನೂ ಅವಲಂಬಿಸಬಾರದೆಂಬ ಸಂಕಲ್ಪದ ಒಂದು ಅಂಗ ಅದು. ಸಾಮಾನ್ಯರಿಗೆ ಬೆಂಚೇ ಗತಿ.

ಇನ್ನು ಸಮಯಪಾಲನೆಯ ಮಾತು. "ಐದು ನಿಮಿಷ" ಎಂದು ಹೇಳಿ ಐವತ್ತು ನಿಮಿಷ ಕೂರಿಸುವುದು ಈ ಅಂಗಡಿಗಳ ಮೇಲಿನ ಬಹುದೊಡ್ಡ ದೂರು. ಇದನ್ನು ಸುಳ್ಳೆನ್ನುವುದಕ್ಕಿಂತ ಬೇರೊಂದು ಅಳತೆಗೋಲಿನ ಮಾತೆನ್ನುವುದು ಮೇಲು. ಗಡಿಯಾರ ಬರುವುದಕ್ಕೆ ಮೊದಲು ನಮ್ಮ ಜನ ದಿನವನ್ನು 60 ಗಳಿಗೆಗಳಾಗಿ ಎಣಿಸುತ್ತಿದ್ದರು. ಒಂದು ಗಳಿಗೆಗೆ 24 ನಿಮಿಷ. ತಳದಲ್ಲಿ ಸಣ್ಣ ರಂಧ್ರವುಳ್ಳ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ, ನೀರು ತುಂಬಿ ಅದು ಮುಳುಗುವಷ್ಟು ಹೊತ್ತು ಒಂದು ಗಳಿಗೆ. "ಒಂದು ಗಳಿಗೆ ಇರಿ" ಎಂಬ ಮಾತಿನಲ್ಲಿ ಒಂದು ತಲೆಯ ಕ್ಷೌರ ಸಲೀಸಾಗಿ ಮುಗಿಯುತ್ತಿತ್ತು. ಗಳಿಗೆ ಹೋಗಿ ನಿಮಿಷ ಬಂದಾಗ ಮಾತು ಬದಲಾಯಿತು. ಕೆಲಸಕ್ಕೆ ಹಿಡಿಯುವ ಹೊತ್ತು ಬದಲಾಗಲಿಲ್ಲ.

ಗಡಿಯಾರದ ಸಮಯವಾದರೂ ಹಾಸನಕ್ಕೆ ಹೊರಗಿನಿಂದ ಬಂದುದೇ. 1906ರಲ್ಲಿ ಜಾರಿಗೆ ಬಂದ ಭಾರತೀಯ ಪ್ರಮಾಣ ಕಾಲಕ್ಕೆ ಆಧಾರ 82½ ಡಿಗ್ರಿ ಪೂರ್ವ ರೇಖಾಂಶ. ಹಾಸನವಿರುವುದು ಸುಮಾರು 76 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ, ಹಾಸನದ ಸೂರ್ಯ ಗಡಿಯಾರಕ್ಕಿಂತ ಸುಮಾರು 25 ನಿಮಿಷ ಹಿಂದೆ ನಡೆಯುತ್ತಾನೆ. ಅಂದರೆ ಹೆಚ್ಚುಕಡಿಮೆ ಒಂದು ಗಳಿಗೆಯಷ್ಟು. ಸೂರ್ಯನೇ ತಡವಾಗಿ ಬರುವ ಊರಿನಲ್ಲಿ ಕ್ಷೌರಿಕನೊಬ್ಬನನ್ನೇ ದೂರುವುದೇಕೆಂದು ಯಾರಾದರೂ ವಿನೋದಕ್ಕೆ ಕೇಳಬಹುದು. ಆದರೆ ರೈಲು ವಿನೋದವನ್ನು ಅರಿಯದು. ಮೈಸೂರು-ಅರಸೀಕೆರೆ ಮಾರ್ಗ ಹೊಳೆನರಸೀಪುರವನ್ನೂ ಹಾಸನವನ್ನೂ ಗಡಿಯಾರಕ್ಕೆ ಕಟ್ಟಿಹಾಕಿತು. 2017ರಲ್ಲಿ ಬೆಂಗಳೂರು-ಹಾಸನ ಹೊಸ ಮಾರ್ಗ ಪೂರ್ಣಗೊಂಡ ಮೇಲೆ ಚನ್ನರಾಯಪಟ್ಟಣದಿಂದ ರಾಜಧಾನಿಗೆ ನೇರವಾಗಿ ರೈಲಿನಲ್ಲಿ ಹೋಗಿಬರುವುದು ಸಾಧ್ಯವಾಯಿತು. ಅರಕಲಗೂಡಿಗೆ ರೈಲಿಲ್ಲ, ಅಲ್ಲಿಯವರ ಗಡಿಯಾರ ಬಸ್ಸು. ಬಸ್ಸನ್ನು ಹಿಡಿಯಬೇಕಾದವನಿಗೆ "ಐದು ನಿಮಿಷ" ಎಂದರೆ ಐದೇ ನಿಮಿಷವಾಗಬೇಕು.

ಈಗ ಸ್ವಲ್ಪ ಗಣಿತ. ಒಂದೇ ಕುರ್ಚಿಯ ಅಂಗಡಿ. ಒಂದು ತಲೆಗೆ 20 ನಿಮಿಷ ಬೇಕು. ಎಂಟು ಗಂಟೆಗೆ ಆರು ಜನ ಒಟ್ಟಿಗೆ ಬಂದರು. ಮೊದಲನೆಯವನು ಕಾಯುವುದಿಲ್ಲ. ಎರಡನೆಯವನು 20 ನಿಮಿಷ, ಮೂರನೆಯವನು 40, ನಾಲ್ಕನೆಯವನು 60, ಐದನೆಯವನು 80, ಆರನೆಯವನು 100 ನಿಮಿಷ ಕಾಯುತ್ತಾನೆ. ಒಟ್ಟು 300 ನಿಮಿಷ. ಸರಾಸರಿ ಒಬ್ಬೊಬ್ಬನಿಗೆ 50 ನಿಮಿಷ. ಇದೇ ಆರು ಜನ 20 ನಿಮಿಷಕ್ಕೆ ಒಬ್ಬರಂತೆ ಬಂದಿದ್ದರೆ ಯಾರೂ ಒಂದು ನಿಮಿಷವನ್ನೂ ಕಾಯಬೇಕಾಗಿರಲಿಲ್ಲ. ಕ್ಷೌರಿಕನ ದುಡಿಮೆ ಎರಡು ಬಗೆಯಲ್ಲಿಯೂ ಎರಡೇ ಗಂಟೆ, ಸಂಪಾದನೆಯೂ ಅಷ್ಟೇ. ನಷ್ಟವಾದ ಐದು ಗಂಟೆಗಳಿಂದ ಯಾರಿಗೂ ಲಾಭವಾಗಲಿಲ್ಲ.

ಇನ್ನೊಂದು ಲೆಕ್ಕ. ಅಂಗಡಿಯವರು ಎಂಟಕ್ಕೆ ಬರುವ ಬದಲು ಎಂಟೂವರೆಗೆ ಬಂದರೆನ್ನೋಣ. ಅವರಿಗೆ ಅದು ಅರ್ಧ ಗಂಟೆಯ ತಡ. ಆದರೆ ಆ ಅರ್ಧ ಗಂಟೆ ಸಾಲಿನಲ್ಲಿರುವ ಆರು ಜನರಲ್ಲಿ ಪ್ರತಿಯೊಬ್ಬನ ತಲೆಯ ಮೇಲೂ ಬೀಳುತ್ತದೆ. ಆರು ಅರ್ಧಗಳೆಂದರೆ ಮೂರು ಗಂಟೆ. ಮುಂದಿರುವವನ ತಡ ಹಿಂದಿರುವವರ ಸಂಖ್ಯೆಯಿಂದ ಗುಣಿಸಲ್ಪಡುತ್ತದೆ. ಇದನ್ನು ಮರೆಯುವವರು ಕ್ಷೌರಿಕರಷ್ಟೇ ಅಲ್ಲ. ಹತ್ತಕ್ಕೆ ಬರುತ್ತೇನೆಂದು ಫೋನಿನಲ್ಲಿ ಹೇಳಿ, ಹನ್ನೊಂದಕ್ಕೆ ಬಂದು, ತನ್ನನ್ನು ಮೊದಲು ಕೂರಿಸಬೇಕೆಂದು ಹಟ ಹಿಡಿಯುವ ಗಿರಾಕಿಯೂ ಇದೇ ತಪ್ಪನ್ನು ಮಾಡುತ್ತಾನೆ. ಅವನಿಗಾಗಿ ಕುರ್ಚಿಯನ್ನು ಖಾಲಿ ಇಟ್ಟರೆ ಕ್ಷೌರಿಕನ ಅನ್ನ ಹೋಗುತ್ತದೆ. ಖಾಲಿ ಇಡದಿದ್ದರೆ ಮಾತು ತಪ್ಪಿದನೆಂಬ ಅಪವಾದ ಬರುತ್ತದೆ.

ಜನರು ಒಟ್ಟಿಗೆ ಬರದೆ, ಸರಾಸರಿ ಅರ್ಧ ಗಂಟೆಗೆ ಒಬ್ಬರಂತೆ, ಆದರೆ ತಮಗೆ ತೋಚಿದ ಹೊತ್ತಿಗೆ ಬಂದರೆ ಏನಾಗುತ್ತದೆ? ಅಂಗಡಿಯವರಿಗೆ ಆಗ ಗಂಟೆಗೆ 40 ನಿಮಿಷ ಮಾತ್ರ ಕೆಲಸ. 20 ನಿಮಿಷ ಬಿಡುವು. ಹೀಗಿರುವಾಗ ಯಾರೂ ಕಾಯಬೇಕಾಗಿಲ್ಲವೆಂದು ತೋರುತ್ತದೆ. ಆದರೆ ಲೆಕ್ಕದ ಪ್ರಕಾರ ಗಿರಾಕಿಯ ಸರಾಸರಿ ಕಾಯುವಿಕೆ 20 ನಿಮಿಷ! ಇಬ್ಬರು ಒಂದೇ ಹೊತ್ತಿಗೆ ಬರುವುದು, ಆಮೇಲೆ ಬಹಳ ಹೊತ್ತು ಯಾರೂ ಬಾರದಿರುವುದು ಇದಕ್ಕೆ ಕಾರಣ. ಹೋದ ಬಿಡುವನ್ನು ಕೂಡಿಟ್ಟುಕೊಂಡು ಬಂದ ಗುಂಪಿಗೆ ಬಳಸುವಂತಿಲ್ಲ. ಅರ್ಧ ಗಂಟೆಗೆ ಒಬ್ಬರ ಬದಲು 25 ನಿಮಿಷಕ್ಕೆ ಒಬ್ಬರು ಬಂದರೆ ಕಾಯುವಿಕೆ ಇಮ್ಮಡಿಯಾಗಿ 40 ನಿಮಿಷಕ್ಕೆ ಏರುತ್ತದೆ. ಗಿರಾಕಿಗಳು ಹೆಚ್ಚಿದ್ದು ಐದರಲ್ಲಿ ಒಂದು ಪಾಲಿನಷ್ಟು. ಕಾಯುವ ಹೊತ್ತು ಹೆಚ್ಚಿದ್ದು ಎರಡರಷ್ಟು. ಭಾನುವಾರದ ನೂಕುನುಗ್ಗಲಿನ ಗುಟ್ಟು ಇದೇ.

ಈ ಬಗೆಯ ಲೆಕ್ಕಕ್ಕೆ ಅಡಿಪಾಯ ಹಾಕಿದವನು ಡೆನ್ಮಾರ್ಕ್ ದೇಶದ ಏರ್ಲಾಂಗ್. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಅವನು, ಎಷ್ಟು ತಂತಿಗಳಿದ್ದರೆ ಕರೆ ಮಾಡುವವರು ಎಷ್ಟು ಹೊತ್ತು ಕಾಯಬೇಕೆಂಬುದನ್ನು ಕುರಿತು 1909ರಲ್ಲಿ ಒಂದು ಲೇಖನ ಪ್ರಕಟಿಸಿದನು. ಸರದಿಯ ಸಾಲಿನ ಗಣಿತವೆಂಬ ಶಾಸ್ತ್ರವೇ ಅದರಿಂದ ಬೆಳೆಯಿತು. ಸ್ವಾರಸ್ಯವೆಂದರೆ ಗಣಕಯಂತ್ರಗಳ ವಿಜ್ಞಾನಕ್ಕೂ ಕ್ಷೌರದಂಗಡಿ ಕಾಲಿಟ್ಟಿದೆ. 1960ರ ದಶಕದಲ್ಲಿ ಹಾಲೆಂಡಿನ ಡೈಕ್‌ಸ್ಟ್ರಾ ಎಂಬ ವಿದ್ವಾಂಸನು 'ನಿದ್ರಿಸುವ ಕ್ಷೌರಿಕ' ಎಂಬ ಸಮಸ್ಯೆಯನ್ನು ಮುಂದಿಟ್ಟನು. ಗಿರಾಕಿ ಇಲ್ಲದಾಗ ಕ್ಷೌರಿಕ ಮಲಗುತ್ತಾನೆ. ಗಿರಾಕಿ ಬಂದು ಎಬ್ಬಿಸಬೇಕು. ಒಬ್ಬರು ಒಳಬರುವ ಹೊತ್ತಿಗೆ ಮತ್ತೊಬ್ಬರು ನೋಡುತ್ತಿದ್ದು, ಇಬ್ಬರೂ ಒಬ್ಬರಿಗಾಗಿ ಒಬ್ಬರು ಕಾಯುತ್ತ ಕುಳಿತುಬಿಡದಂತೆ ನಿಯಮಗಳನ್ನು ಹೇಗೆ ರಚಿಸಬೇಕೆಂಬುದು ಪ್ರಶ್ನೆ. ಒಂದು ಯಂತ್ರದೊಳಗೆ ಹಲವು ಕೆಲಸಗಳು ಸರದಿ ತಪ್ಪದೆ ನಡೆಯುವುದಕ್ಕೆ ಇಂದಿಗೂ ಈ ಸಮಸ್ಯೆಯನ್ನು ಪಾಠವಾಗಿ ಹೇಳಿಕೊಡುತ್ತಾರೆ.

ಲೆಕ್ಕದಲ್ಲಿ ಎಲ್ಲ ಗಿರಾಕಿಗಳೂ ಸಮಾನರು. ಬೆಂಚಿನ ಮೇಲೆ ಹಾಗಲ್ಲ. ಕುರ್ಚಿಯಿಂದ ಎಬ್ಬಿಸಲ್ಪಟ್ಟ ಹುಡುಗನು ಮೂರು ಗಂಟೆ ಕಾದದ್ದು ಅಂಗಡಿಯಲ್ಲಿ ಜನ ಹೆಚ್ಚಿದ್ದುದರಿಂದಲ್ಲ. ಬಂದವರೆಲ್ಲರೂ ಅವನಿಗಿಂತ ದೊಡ್ಡವರಾಗಿದ್ದುದರಿಂದ. ಮೊದಲು ಬಂದವನಿಗೆ ಮೊದಲ ಸರದಿ ಎಂಬ ನಿಯಮ ಎಷ್ಟು ಸರಳವೋ ಅಷ್ಟೇ ನಿಷ್ಠುರ. ಅದು ಗೌಡರನ್ನೂ ಅರಿಯದು, ಜವಾನರನ್ನೂ ಅರಿಯದು. ಆದುದರಿಂದಲೇ ಅದನ್ನು ಪಾಲಿಸುವುದು ಕಷ್ಟ.

ಬೆಂಚಿನಲ್ಲಿ ಕುಳಿತುಕೊಳ್ಳುವ ಅವಕಾಶವೇ ಇಲ್ಲದವರ ಕಥೆ ಇದಕ್ಕಿಂತ ಕಠೋರವಾದುದು. ಹಳ್ಳಿಯ ಆಯಗಾರನು ಎಲ್ಲ ಮನೆಗಳಿಗೂ ಹೋಗುತ್ತಿರಲಿಲ್ಲ. ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರ ಕೇರಿಗೆ ಅವನು ಕಾಲಿಡುವಂತಿರಲಿಲ್ಲ; ಮುಂದೆ ಅಂಗಡಿಗಳಾದಾಗಲೂ ಅನೇಕ ಕಡೆ ಅವರಿಗೆ ಪ್ರವೇಶವಿರಲಿಲ್ಲ. ಅವರ ಪಾಲಿನ ಕಾಯುವಿಕೆ ಗಂಟೆಗಳದಲ್ಲ, ತಲೆಮಾರುಗಳದು. 1950ರ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 15ನೆಯ ವಿಧಿ ಅಂಗಡಿಗಳ ಪ್ರವೇಶಕ್ಕೆ ಜಾತಿ ಅಡ್ಡಿಯಾಗಬಾರದೆಂದು ವಿಧಿಸಿತು. 1955ರಲ್ಲಿ ಬಂದ, ಮುಂದೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯೆಂದು ಹೆಸರಾದ ಶಾಸನದ ಪ್ರಕಾರ, ಅಸ್ಪೃಶ್ಯತೆಯ ಕಾರಣದಿಂದ ಸೇವೆಯನ್ನು ನಿರಾಕರಿಸುವುದು ಶಿಕ್ಷಾರ್ಹ ಅಪರಾಧ. ಆದರೂ 2020ರಲ್ಲಿ ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಪರಿಶಿಷ್ಟ ಜಾತಿಯವರಿಗೆ ಕ್ಷೌರ ಮಾಡಿದ ಕ್ಷೌರಿಕನಿಗೇ ಊರಿನ ಕೆಲವರು ದಂಡ ಹಾಕಿ ಬಹಿಷ್ಕಾರ ವಿಧಿಸಿದರೆಂದು ಪತ್ರಿಕೆಗಳು ವರದಿ ಮಾಡಿದವು. ಇಲ್ಲಿ ಕ್ಷೌರಿಕನ ಸ್ಥಿತಿಯನ್ನೂ ನೋಡಬೇಕು. ಕತ್ತರಿ ಅವನದಾದರೂ, ಅದನ್ನು ಯಾರ ತಲೆಗೆ ಹಿಡಿಯಬೇಕೆಂದು ನಿರ್ಧರಿಸುವ ಸ್ವಾತಂತ್ರ್ಯ ಅವನದಾಗಿರಲಿಲ್ಲ.

ಅವನೂ ಈ ಏಣಿಯ ಕೆಳಗಿನ ಮೆಟ್ಟಿಲಿನವನೇ ತಾನೆ? ಬೆಳಗ್ಗೆ ಎದ್ದು ಕ್ಷೌರಿಕನ ಮುಖ ನೋಡಿದರೆ ಅಪಶಕುನವೆಂದು ಭಾವಿಸುತ್ತಿದ್ದ ಸಮಾಜ ನಮ್ಮದು. ಅವನ ವೃತ್ತಿಯ ಹೆಸರನ್ನೇ ಬೈಗುಳವಾಗಿ ಬಳಸುವ ಹೀನ ಅಭ್ಯಾಸ ಇನ್ನೂ ಪೂರ್ತಿ ಅಳಿದಿಲ್ಲ. ಈ ಅವಮಾನವನ್ನು ಕಳೆದುಕೊಳ್ಳಲೆಂದೇ ಸಮುದಾಯದವರು ತಮ್ಮನ್ನು ಸವಿತಾ ಸಮಾಜದವರೆಂದು ಕರೆದುಕೊಂಡರು. 12ನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಆಪ್ತನಾಗಿದ್ದ ಶರಣ ಹಡಪದ ಅಪ್ಪಣ್ಣನು ಇದೇ ವೃತ್ತಿಯವನೆಂದು ಅವರು ಗೌರವಿಸುತ್ತಾರೆ. ಅಪ್ಪಣ್ಣನೂ ಅವನ ಹೆಂಡತಿ ಲಿಂಗಮ್ಮನೂ ವಚನಕಾರರು. ತನ್ನನ್ನು ಕಾಣಬರುವವರು ಯಾರೇ ಆಗಲಿ, ಮೊದಲು ಅಪ್ಪಣ್ಣನ ಮುಖ ನೋಡಿ ಅನಂತರ ಒಳಗೆ ಬರಬೇಕೆಂದು ಬಸವಣ್ಣನವರು ಕಟ್ಟುಮಾಡಿದ್ದರೆಂಬ ಐತಿಹ್ಯ ಪ್ರಚಾರದಲ್ಲಿದೆ. ಕ್ಷೌರಿಕನ ಮುಖ ನೋಡಬಾರದೆನ್ನುತ್ತಿದ್ದ ದೊಡ್ಡ ಮನುಷ್ಯರೆಲ್ಲ ಮಂತ್ರಿಯನ್ನು ಕಾಣಬೇಕಾದರೆ ಆ ಮುಖದ ಎದುರಿನಲ್ಲಿಯೇ ತಮ್ಮ ಸರದಿಗಾಗಿ ಕಾಯಬೇಕಾಯಿತು.

ಕ್ಷೌರಿಕನಿಲ್ಲದೆ ಬದುಕು ಹೇಗಿರುತ್ತದೆಂಬುದನ್ನು ನಾಡು 2020ರಲ್ಲಿ ಕಂಡಿತು. ಕೊರೋನಾ ಸಾಂಕ್ರಾಮಿಕದ ಕಾರಣ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿತು. ಕರ್ನಾಟಕದಲ್ಲಿ ಕ್ಷೌರದಂಗಡಿಗಳು ತೆರೆದದ್ದು ಮೇ 19ರಂದು. ಸುಮಾರು ಎಂಟು ವಾರ ಎಲ್ಲರ ಕೂದಲೂ ಬೆಳೆಯಿತು. ಅಡುಗೆಮನೆಯ ಕತ್ತರಿಯಿಂದ ಅಣ್ಣ ತಮ್ಮನ ತಲೆಯನ್ನು ಕತ್ತರಿಸಿ, ಹೆಜ್ಜೆಹೆಜ್ಜೆಗೆ ಮೆಟ್ಟಿಲು ಮಾಡಿದ ಮೇಲೆ, ಈ ಕೆಲಸ ಎರಡು ನಿಮಿಷದ್ದಲ್ಲವೆಂದು ಹಲವು ಮನೆಗಳಿಗೆ ತಿಳಿಯಿತು. ದಿನದ ದುಡಿಮೆಯಿಂದ ದಿನ ಕಳೆಯುವ ಕ್ಷೌರಿಕರಿಗಾದರೋ ಅದು ಹಸಿವಿನ ಕಾಲ. ರಾಜ್ಯ ಸರ್ಕಾರವು ಆ ವರ್ಷ ಮೇ ತಿಂಗಳಲ್ಲಿ ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿಗಳ ಪರಿಹಾರವನ್ನು ಘೋಷಿಸಿತು. ಆ ಹಣಕ್ಕಾಗಿ ಅರ್ಜಿ ಹಿಡಿದು ಕಾಯುವ ಸರದಿ ಅವರದಾಯಿತು.

ಅಂಗಡಿಗಳು ಮತ್ತೆ ತೆರೆದಾಗ ಅಂತರ ಕಾಯಬೇಕೆಂಬ ನಿಯಮ ಬಂದುದರಿಂದ, ಬೆಂಚಿನಲ್ಲಿ ಒತ್ತಾಗಿ ಕೂರುವುದು ನಿಂತು, ಫೋನು ಮಾಡಿ ಹೊತ್ತು ಕೇಳಿ ಬರುವ ವಾಡಿಕೆ ಹಲವೆಡೆ ಬೆಳೆಯಿತು. ಕೆಲವು ಅಂಗಡಿಗಳಲ್ಲಿ ಅದು ಉಳಿಯಿತು. ಕೆಲವು ಅಂಗಡಿಗಳಲ್ಲಿ ಭಯ ಹೋದೊಡನೆ ನಿಯಮವೂ ಹೋಯಿತು. ಸರದಿಯನ್ನು ಕಾಪಾಡಲು ದೊಡ್ಡ ಯಂತ್ರವೇನೂ ಬೇಕಾಗಿಲ್ಲ. ತಿರುಮಲೆಯ ಕಲ್ಯಾಣಕಟ್ಟೆಗೆ ಮುಡಿ ಕೊಡಲು ಹೋದವರು ಅದನ್ನು ಕಂಡಿರುತ್ತಾರೆ. ಅಲ್ಲಿ ಹಗಲೂ ರಾತ್ರಿಯೂ ನೂರಾರು ಕ್ಷೌರಿಕರು ಪಾಳಿಯ ಮೇಲೆ ಕೆಲಸ ಮಾಡುತ್ತಾರೆ, ಮಹಿಳೆಯರೂ ಅವರಲ್ಲಿದ್ದಾರೆ. ಬಂದ ಭಕ್ತನಿಗೆ ಒಂದು ಚೀಟಿ, ಒಂದು ಬ್ಲೇಡು. ಚೀಟಿಯಲ್ಲಿ ಬರೆದಂತೆ ಹೋಗಿ ಕುಳಿತರಾಯಿತು. ಒಂದು ಕುರ್ಚಿಯ ಅಂಗಡಿಗೆ ಅಷ್ಟೂ ಬೇಡ: ಗೋಡೆಗೆ ಒಂದು ಸ್ಲೇಟು, ದಾರಕ್ಕೆ ಕಟ್ಟಿದ ಒಂದು ಬಳಪ. ಬಂದವರು ತಮ್ಮ ಹೆಸರನ್ನು ಬರೆದು, ಮುಂದೆ ಎಷ್ಟು ಜನರಿದ್ದಾರೆಂದು ಎಣಿಸಿ, ಇಪ್ಪತ್ತರಿಂದ ಗುಣಿಸಿ, ಬಸ್ಸಿಗೆ ಹೊತ್ತಾಗುವುದಾದರೆ ಬೇರೆ ಕೆಲಸ ನೋಡಿಕೊಂಡು ಬರಬಹುದು. ಬರೆದ ಹೆಸರನ್ನು ಎಲ್ಲರ ಕಣ್ಣೆದುರಿಗೆ ಅಳಿಸಿ ಇನ್ನೊಬ್ಬರನ್ನು ಕೂರಿಸುವುದು ಅಂಗಡಿಯವರಿಗೂ ಕಷ್ಟ, ಕೂರುವವರಿಗೂ ಕಷ್ಟ.

ಮಂಗಳವಾರ. ಅಂಗಡಿಯ ಬಾಗಿಲು ಅರ್ಧ ಇಳಿದಿದೆ. ಒಳಗೆ ದೀಪ ಉರಿಯುತ್ತಿದೆ. ತನ್ನ ಕೂದಲನ್ನು ತಾನೇ ಕತ್ತರಿಸಿಕೊಳ್ಳುವುದು ಎಂತಹ ನುರಿತ ಕ್ಷೌರಿಕನಿಗೂ ಸುಲಭವಲ್ಲ. ಅದಕ್ಕಾಗಿ ಪಕ್ಕದ ಬೀದಿಯ ಅಂಗಡಿಯವರು ಬಂದಿದ್ದಾರೆ. ಒಬ್ಬರು ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿದ್ದಾರೆ. ಇನ್ನೊಬ್ಬರು ಅವರ ಕುತ್ತಿಗೆಗೆ ಬಿಳಿಯ ಬಟ್ಟೆ ಕಟ್ಟಿ ಬಾಚಣಿಗೆಯನ್ನು ನೀರಿನಲ್ಲಿ ಅದ್ದುತ್ತಿದ್ದಾರೆ. ಇವರದು ಮುಗಿದರೆ ಅವರದು. ಬೆಂಚು ಖಾಲಿಯಾಗಿದೆ.